ಹಿತ್ತಲಲ್ಲಿ ಟರ್ಫ್ ಕೋರ್ಟ್: ಹುಲ್ಲು ಆಮೇಲೆ, ಮೊದಲು ನೆಲ ನೋಡಿ

ಓದುಗರ ಪ್ರಶ್ನೆ:

"ಸರ್, ನಮ್ಮ ಮನೆಯ ಹಿಂದೆ ಸುಮಾರು 18 ಮೀಟರ್ ಉದ್ದ, 9 ಮೀಟರ್ ಅಗಲದ ಜಾಗ ಇದೆ. ಮನೆಗೆ ಹತ್ತಿರದ ಅರ್ಧಕ್ಕೆ ಹಳೆಯ ಕಾಂಕ್ರೀಟ್ ಇದೆ. ಉಳಿದರ್ಧ ಜೇಡಿಮಣ್ಣು, ಮಳೆ ಬಂದರೆ ಎರಡು ದಿನ ಕೆಸರು. ಆ ಕಡೆ ಮೂಲೆಯಲ್ಲಿ ಒಂದು ದೊಡ್ಡ ಮರವೂ ಇದೆ. ಮಗನಿಗೆ 13, ಫುಟ್‌ಬಾಲ್ ಹುಚ್ಚು. ಮಗಳಿಗೆ 8, ಟೆನಿಸ್ ಕಲಿಯುತ್ತಿದ್ದಾಳೆ. ನಾವಿಬ್ಬರು ಸಂಜೆ ಬ್ಯಾಡ್ಮಿಂಟನ್ ಆಡ್ತೀವಿ. ಅಪ್ಪ ದಿನಾ ಬರಿಗಾಲಲ್ಲಿ ವಾಕ್ ಮಾಡ್ತಾರೆ. ಒಬ್ಬ ಗುತ್ತಿಗೆದಾರರು, ಇದ್ದ ನೆಲದ ಮೇಲೇ 40 ಮಿ.ಮೀ. ಕೃತಕ ಹುಲ್ಲು (ಟರ್ಫ್) ಹಾಸಿ ಎರಡು ದಿನದಲ್ಲಿ ಮುಗಿಸಿಕೊಡ್ತೀನಿ, ಆಮೇಲೆ ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ ಅಂತಾರೆ. ಪಕ್ಕದ ಮನೆಯವರು, ಅದರಲ್ಲಿನ ರಬ್ಬರ್ ಪುಡಿಯಿಂದ ಕ್ಯಾನ್ಸರ್ ಬರುತ್ತೆ, ಬೇಡ ಅಂತಾರೆ. ಮನೆಯ ಹಿಂಬದಿಗೆ ಹೊಸದಾಗಿ ದೊಡ್ಡ ಡಬಲ್ ಗ್ಲಾಸ್ ಕಿಟಕಿಗಳನ್ನು ಹಾಕಿಸಿದ್ದೇವೆ, ಚೆಂಡು ಬಡಿದರೆ ಅನ್ನೋ ಭಯ ಬೇರೆ. ಏನು ಮಾಡಲಿ?"

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತಿದೆ. ಇದು ಮಕ್ಕಳಿಗೆ ಸುರಕ್ಷಿತವೇ ಅನ್ನೋದು ಒಂದು. ಗುತ್ತಿಗೆದಾರರ ಮಾತು ನಂಬಿ ಹಣ ಹಾಕಿದರೆ ಬಾಳಿಕೆ ಬರುತ್ತಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಎರಡನೆಯದಕ್ಕೆ ನೇರವಾಗಿ ಹೇಳ್ತೀನಿ: ಇದ್ದ ನೆಲದ ಮೇಲೆ ಹಾಗೇ ಹಾಸಿದರೆ ಬರುವುದಿಲ್ಲ. ನಿಮ್ಮ ಜಾಗದಲ್ಲಂತೂ ಖಂಡಿತ ಬರುವುದಿಲ್ಲ.

ಆದರೆ ಅದಕ್ಕೂ ಮೊದಲು ನೀವು ಕೇಳದೇ ಬಿಟ್ಟ ಒಂದು ಪ್ರಶ್ನೆ ಇದೆ. ಇಲ್ಲಿ ಯಾವ ಆಟ ಆಡ್ತೀರಿ? ಎಲ್ಲಾ ಆಟಕ್ಕೂ ಒಂದೇ ಹುಲ್ಲು ಅಂತ ಯಾರಾದರೂ ಮಾರಿದರೆ, ಅದು ಯಾವ ಆಟಕ್ಕೂ ಪೂರ್ತಿ ಸರಿಹೋಗದ ಹುಲ್ಲು ಅಂತಲೇ ಲೆಕ್ಕ. ಫುಟ್‌ಬಾಲ್ ಮೈದಾನದ ಹುಲ್ಲು 40ರಿಂದ 60 ಮಿ.ಮೀ. ಎತ್ತರ ಇರುತ್ತೆ. ಎಳೆಗಳ ನಡುವೆ ಮರಳು, ಅದರ ಮೇಲೆ ರಬ್ಬರ್ ಪುಡಿ ತುಂಬಿರುತ್ತಾರೆ. ಟೆನಿಸ್ ಟರ್ಫ್ ಹಾಗಲ್ಲ, ಸುಮಾರು 12ರಿಂದ 20 ಮಿ.ಮೀ., ಒತ್ತಾದ ಎಳೆ, ಬರೀ ಮರಳು. 40 ಮಿ.ಮೀ. ಹುಲ್ಲಿನಲ್ಲಿ ಟೆನಿಸ್ ಚೆಂಡು ಪುಟಿಯುವುದೇ ಇಲ್ಲ, ಬಿದ್ದಲ್ಲೇ ಸತ್ತ ಹಾಗೆ ಕೂರುತ್ತೆ. ಅಂಗಡಿಯಲ್ಲಿ ಕೈಯಾಡಿಸಿದಾಗ ಉದ್ದ ಹುಲ್ಲು ಮೆತ್ತಗೆ, ಚೆನ್ನಾಗಿ ಕಾಣುತ್ತೆ ನಿಜ. ಅದು ಹೆಚ್ಚಾಗಿ ನೋಡೋಕೆ ಹಾಸುವ ಹುಲ್ಲು, ಆಡೋಕಲ್ಲ. ಓಡಾಟ ಜಾಸ್ತಿ ಇರುವ ಕಡೆ ಬೇಗ ಮಲಗಿಬಿಡುತ್ತೆ.

ನಿಮ್ಮ ಅಳತೆಗೆ ಏನು ಹಿಡಿಸುತ್ತೆ ನೋಡೋಣ. ಪೂರ್ತಿ ಟೆನಿಸ್ ಕೋರ್ಟ್ ಗೆರೆಯಿಂದ ಗೆರೆಗೇ 23.77 ಮೀಟರ್ ಉದ್ದ, ಹಿಂದೆ ಮುಂದೆ ಓಡುವ ಜಾಗ ಬೇರೆ. ಅದನ್ನು ಮರೆತುಬಿಡಿ. ಆದರೆ ಮಗಳ ವಯಸ್ಸಿನವರಿಗೆ ಅಂತಲೇ ಚಿಕ್ಕ ಕೋರ್ಟ್ ಇದೆ, ಮಕ್ಕಳಿಗೆ ಕಲಿಸುವ ಮೆತ್ತನೆಯ ಕೆಂಪು ಚೆಂಡಿನದು. ಅದು ಸುಮಾರು 11ರಿಂದ 12.8 ಮೀಟರ್ ಉದ್ದ, 4.3ರಿಂದ 6.1 ಮೀಟರ್ ಅಗಲ. ಅದರಲ್ಲಿ ಚಿಕ್ಕ ಅಳತೆಯದು ನಿಮ್ಮಲ್ಲಿ ಆರಾಮಾಗಿ ಕೂರುತ್ತೆ. ಬ್ಯಾಡ್ಮಿಂಟನ್ ಕೋರ್ಟ್ 13.4 ಮೀಟರ್ ಉದ್ದ, 6.1 ಅಗಲ, ಅದೂ ಹಿಡಿಸುತ್ತೆ. ಹೊರಗೆ ಗಾಳಿಗೆ ಶಟಲ್ ನಿಲ್ಲಲ್ಲ ಅನ್ನೋದು ಹಳೇ ಗೋಳು. ಅದಕ್ಕಾಗಿಯೇ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ 2019ರಲ್ಲಿ ಏರ್‌ಬ್ಯಾಡ್ಮಿಂಟನ್ ಅಂತ ಹೊರಾಂಗಣದ ಆಟ ಶುರು ಮಾಡಿತು, ಅದಕ್ಕೆ ಬೇರೆಯದೇ ಶಟಲ್ ಸಿಗುತ್ತೆ. ಮಗನ ಫುಟ್‌ಬಾಲ್‌ಗೆ ಎರಡು ಚಿಕ್ಕ ಗೋಲು, ಪಾಸ್ ಮಾಡೋಕೆ ಒಂದು ಗೋಡೆ ಸಾಕು. ಗಿಡ್ಡ ಹುಲ್ಲಿನ ಮೇಲೆ ಚೆಂಡು ವೇಗವಾಗಿ ಉರುಳುತ್ತೆ, ಚೆಂಡಿನ ಹಿಡಿತ ಕಲಿಯೋಕೆ ಅದು ಒಳ್ಳೆಯದೇ. ಬಿದ್ದು ಜಾರಿದರೆ ಮಾತ್ರ ಮೊಣಕಾಲು ತರಚುತ್ತೆ. ಸ್ಲೈಡಿಂಗ್ ಟ್ಯಾಕಲ್ ಮನೆಯಲ್ಲಿ ಬೇಡ ಅಂತ ಮೊದಲೇ ಹೇಳಿಬಿಡಿ. ಈ ಮೂರೂ ಸೇರಿಸಿದರೆ 15 ಮಿ.ಮೀ. ಆಸುಪಾಸಿನ, ಮರಳು ತುಂಬುವ ಒತ್ತು ಟರ್ಫ್ ನಿಮಗೆ ಸರಿ. ಬ್ಯಾಸ್ಕೆಟ್‌ಬಾಲ್ ಆಸೆ ಏನಾದರೂ ಇದ್ದರೆ ಈಗಲೇ ಹೇಳಿ. ಟರ್ಫ್ ಮೇಲೆ ಡ್ರಿಬಲ್ ಆಗಲ್ಲ, ಆಗ ಮಾತೇ ಬೇರೆ.

ಈಗ ನೆಲಕ್ಕೆ ಬರೋಣ. ನನ್ನ ಕಳವಳ ಇರುವುದೇ ಇಲ್ಲಿ.

ನಿಮ್ಮ ಜಾಗ ಅರ್ಧ ಕಾಂಕ್ರೀಟ್, ಅರ್ಧ ಜೇಡಿಮಣ್ಣು. ಕಾಂಕ್ರೀಟ್ ಅಲ್ಲಾಡುವುದಿಲ್ಲ. ಜೇಡಿಮಣ್ಣು ನೀರು ಕುಡಿದಾಗ ಉಬ್ಬುತ್ತೆ, ಒಣಗಿದಾಗ ಕುಗ್ಗಿ ಬಿರಿಯುತ್ತೆ, ತುಳಿತಕ್ಕೆ ನಿಧಾನವಾಗಿ ಇಳಿಯುತ್ತೆ. ಇವೆರಡರ ಮೇಲೆ ಒಂದೇ ಹಾಸು ಹಾಸಿದರೆ, ಅವು ಸೇರುವ ಗೆರೆಯಲ್ಲಿ ಒಂದೆರಡು ಮಳೆಗಾಲದೊಳಗೆ ಮೆಟ್ಟಿಲಿನಂಥ ಏರು ಬರುತ್ತೆ. ಒಂದೆರಡು ಸೆಂಟಿಮೀಟರ್ ಅಷ್ಟೇ ಇರಬಹುದು. ಆದರೆ ಮೇಲೆ ಹುಲ್ಲು ಇರೋದರಿಂದ ಅದು ಕಣ್ಣಿಗೆ ಕಾಣಲ್ಲ, ಕಾಲಿಗೆ ಮಾತ್ರ ಸಿಗುತ್ತೆ. ಚೆಂಡಿನ ಮೇಲೆ ಕಣ್ಣಿಟ್ಟು ಓಡುವ ಹುಡುಗನ ಪಾದ ಉಳುಕೋಕೆ ಅಷ್ಟು ಸಾಕು. ನೆಟ್ ಕಟ್ಟಿ ಆಡುವಾಗ ಅಲ್ಲಿ ಓಡಾಟ ಕಡಿಮೆ ಅನ್ನಿ. ಫುಟ್‌ಬಾಲ್‌ನಲ್ಲಿ ಮಗ ನೂರು ಸಲ ಅದೇ ಗೆರೆ ದಾಟ್ತಾನೆ. ಬಾಯಿಬಿಟ್ಟ ಜಾಯಿಂಟು, ಅಲೆಅಲೆಯಾದ ಹುಲ್ಲು, ನಿಂತ ನೀರು ಅಂತ ನನ್ನನ್ನು ಕರೆಸುವ ಮನೆಗಳಲ್ಲಿ, ಹುಲ್ಲು ಎತ್ತಿ ನೋಡಿದರೆ ತಪ್ಪು ಹೆಚ್ಚಾಗಿ ಕೆಳಗೇ ಇರುತ್ತೆ. ಹುಲ್ಲಿನ ಕಂಪನಿಗೆ ಬೈದು ಏನೂ ಪ್ರಯೋಜನ ಇರಲ್ಲ.

ನೀರಿನ ಲೆಕ್ಕವನ್ನೂ ಕೇಳಿ. ನಿಮ್ಮ ಜಾಗ 162 ಚದರ ಮೀಟರ್. 25 ಮಿ.ಮೀ. ಮಳೆ ಸುರಿದರೆ ಅದರ ಮೇಲೆ ಬೀಳುವ ನೀರು ಸುಮಾರು 4,000 ಲೀಟರ್. "ನಮ್ಮ ಹುಲ್ಲಲ್ಲಿ ತೂತು ಇದೆ, ನೀರು ಇಳಿದುಹೋಗುತ್ತೆ" ಅಂತ ಮಾರುವವರು ಹೇಳ್ತಾರೆ. ಹುಲ್ಲಿನಿಂದ ಇಳಿಯುತ್ತೆ, ಸುಳ್ಳಲ್ಲ. ಇಳಿದು ಎಲ್ಲಿಗೆ ಹೋಗಬೇಕು? ಕೆಳಗೆ ಜೇಡಿಮಣ್ಣು ಇದ್ದರೆ ಅಲ್ಲೇ ನಿಲ್ಲುತ್ತೆ, ಕೊಳೆಯುತ್ತೆ, ವಾಸನೆ ಬರುತ್ತೆ. ನೆಲದ ವಾಟ, ಅಂದರೆ ಇಳಿಜಾರು, ಮನೆ ಕಡೆಗಿದ್ದರೆ ನೇರ ಪಾಯಕ್ಕೆ ಹೋಗುತ್ತೆ. ಪಕ್ಕದವರ ಕಡೆಗಿದ್ದರೆ, ಈಗಾಗಲೇ ಕ್ಯಾನ್ಸರ್ ಮಾತಾಡಿರುವ ಆ ಪಕ್ಕದ ಮನೆಯವರ ಜೊತೆ ಜಗಳಕ್ಕೆ ಇನ್ನೊಂದು ಕಾರಣ ಸಿಕ್ಕಿತು ಅಂತಲೇ.

ಸರಿಯಾದ ಕ್ರಮ ಹೀಗಿದೆ. 15 ಸೆಂ.ಮೀ. ಮಣ್ಣು ತೆಗೆಯಬೇಕು, ಜೇಡಿ ತುಂಬಾ ಮೆತ್ತಗಿದ್ದರೆ ಇನ್ನೂ ಸ್ವಲ್ಪ. ತಳವನ್ನು ದಮ್ಮಸ್ ಮಾಡಿ (ಬಡಿದು ಗಟ್ಟಿಮಾಡಿ), ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು. ಈ ಬಟ್ಟೆ ಇಲ್ಲದಿದ್ದರೆ ಜೇಡಿ ಮೇಲೇರಿ ಜಲ್ಲಿಯೊಳಗೆ ಸೇರಿಕೊಳ್ಳುತ್ತೆ, ಆಮೇಲೆ ಜಲ್ಲಿ ಹಾಕಿಯೂ ಹಾಕದ ಹಾಗೆ. ಬಟ್ಟೆಯ ಮೇಲೆ ಒಡೆದ ಜಲ್ಲಿ ಬರುತ್ತೆ. ಉರುಟು ಕಲ್ಲು ಬೇಡ, ಅದು ಒಂದಕ್ಕೊಂದು ಕಚ್ಚಿಕೊಳ್ಳಲ್ಲ. ಒಂದೇ ಸಲ ಸುರಿಯದೆ 7-8 ಸೆಂ.ಮೀ. ಪದರಗಳಲ್ಲಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ಪ್ಲೇಟ್ ಕಂಪ್ಯಾಕ್ಟರ್ ಅನ್ನೋ ದಮ್ಮಸ್ ಯಂತ್ರ ಓಡಿಸಬೇಕು. ಕೊನೆಗೆ ಸಣ್ಣ ಜಲ್ಲಿಯ ತೆಳು ಪದರ. ಅದರ ಮೇಲೆ 3 ಮೀಟರ್ ಉದ್ದದ ನೇರ ಪಟ್ಟಿ ಇಟ್ಟರೆ ಕೆಳಗೆ ಎಲ್ಲೂ 6 ಮಿ.ಮೀ.ಗಿಂತ ಜಾಸ್ತಿ ಸಂದು ಕಾಣಬಾರದು. ಸುತ್ತ ಅಂಚುಕಲ್ಲು ಕಟ್ಟಲೇಬೇಕು, ಇಲ್ಲದಿದ್ದರೆ ಜಲ್ಲಿ ಪಕ್ಕಕ್ಕೆ ಸರಿಯುತ್ತೆ. ವಾಟ ನೂರಕ್ಕೆ ಒಂದು. ಅಂದರೆ 9 ಮೀಟರ್ ಅಗಲಕ್ಕೆ 9 ಸೆಂ.ಮೀ. ಇಳಿಕೆ, ಒಂದೇ ಕಡೆಗೆ, ಒಂದೇ ಸಮತಲದಲ್ಲಿ. ನೆಟ್ ಹತ್ತಿರ ಏರಿಸಿ ಎರಡೂ ಕಡೆ ಇಳಿಸುವುದು ಬೇಡ. ತಗ್ಗಿನ ಅಂಚಿನಲ್ಲಿ ತೂತಿನ ಪೈಪ್ ಹೂತು ನೀರನ್ನು ಚರಂಡಿಗೋ ಇಂಗುಗುಂಡಿಗೋ ಬಿಡಿ. ಅಗೆಯುವ ಮೊದಲು ಪೈಪು, ಕೇಬಲ್, ಶೌಚದ ಗುಂಡಿ ಎಲ್ಲೆಲ್ಲಿವೆ ಅಂತ ಗುರುತು ಹಾಕಿಕೊಳ್ಳಿ. ಗುಂಡಿಯ ಮುಚ್ಚಳವನ್ನು ಹುಲ್ಲಿನ ಕೆಳಗೆ ಮುಚ್ಚಿಹಾಕುವವರೂ ಇದ್ದಾರೆ!

ಎರಡು ದಿನದಲ್ಲಿ ಇದೆಲ್ಲ ಆಗುವ ಮಾತಾ, ನೀವೇ ಹೇಳಿ.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿ ಇದೆ? ಮೊದಲನೆಯದು, ಹಳೆಯ ಕಾಂಕ್ರೀಟ್ ಒಡೆದು ತೆಗೆದು ಇಡೀ ಕೋರ್ಟಿಗೆ ಒಂದೇ ಬಗೆಯ ಜಲ್ಲಿ ತಳ ಮಾಡುವುದು. ನೆಲ ಎಲ್ಲಾ ಕಡೆ ಒಂದೇ ರೀತಿ ನಡೆದುಕೊಳ್ಳುತ್ತೆ, ನೀರು ಇಳಿಯುತ್ತೆ, ಕಾಲಿಗೂ ಮೆತ್ತಗೆ. ತೊಂದರೆ ಅಂದರೆ ಕೆಲಸ. ಪೂರ್ತಿ ಜಾಗಕ್ಕೆ ಮಾಡಿದರೆ 24 ಘನ ಮೀಟರ್ ಜಲ್ಲಿ ಒಳಗೆ ಬರಬೇಕು, ಅಷ್ಟೇ ಮಣ್ಣು ಮತ್ತು ಕಾಂಕ್ರೀಟ್ ಚೂರು ಹೊರಗೆ ಹೋಗಬೇಕು. ಹಿತ್ತಲಿಗೆ ಗಾಡಿ ಬರುವ ದಾರಿ ಇಲ್ಲದಿದ್ದರೆ ಎಲ್ಲಾ ತಲೆ ಮೇಲೆ, ಗಾಲಿಬುಟ್ಟಿಯಲ್ಲಿ. ದರ ಕೇಳುವಾಗ ಇದನ್ನೂ ಸೇರಿಸಿ ಕೇಳಿ. ಚೂರುಗಳನ್ನು ಸಾಗಿಸುವ ಖರ್ಚು ಉಳಿಸೋಕೆ ದೊಡ್ಡ ತುಂಡುಗಳನ್ನು ಅಲ್ಲೇ ಹೂಳೋಣ ಅಂದರೆ ಒಪ್ಪಬೇಡಿ. ನಡುವೆ ಟೊಳ್ಳು ಉಳಿದು ಆಮೇಲೆ ಕುಸಿಯುತ್ತೆ.

ಎರಡನೆಯದು, ಮಣ್ಣಿನ ಅರ್ಧಕ್ಕೂ ಕಾಂಕ್ರೀಟ್ ಹಾಕಿ ಎಲ್ಲಾ ಸಮ ಮಾಡುವುದು. ಕೇಳೋಕೆ ಗಟ್ಟಿ ಉಪಾಯ ಅನ್ನಿಸುತ್ತೆ. ಆದರೆ ಜೇಡಿಯ ಮೇಲಿನ ಹೊಸ ಕಾಂಕ್ರೀಟಿಗೂ ಕೆಳಗೆ ಜಲ್ಲಿ ತಳ ಬೇಕೇ ಬೇಕು. ಹಳೆಯದಕ್ಕೂ ಹೊಸದಕ್ಕೂ ಕಬ್ಬಿಣದ ಸರಳಿನಿಂದ ಕೊಂಡಿ ಹಾಕಬೇಕು, ಆಗಲೂ ಜಾಯಿಂಟಿನಲ್ಲಿ ಬಿರುಕಿನ ಭಯ ಪೂರ್ತಿ ಹೋಗಲ್ಲ. ನೀರು ಕೆಳಗೆ ಇಳಿಯುವ ಹಾಗಿಲ್ಲ, ಎಲ್ಲಾ ವಾಟದ ಮೇಲೇ ಹೋಗಬೇಕು. 15 ಮಿ.ಮೀ. ಹುಲ್ಲಿನ ಕೆಳಗೆ ಕಾಂಕ್ರೀಟ್ ಅಂದರೆ ಬಿದ್ದಾಗ ಪೆಟ್ಟು ಜೋರು, ಆದ್ದರಿಂದ ನಡುವೆ ಶಾಕ್ ಪ್ಯಾಡ್ ಹಾಕಿಸಬೇಕು. ನಾನಾದರೆ ನಿಮ್ಮ ಜಾಗಕ್ಕೆ ಇದನ್ನು ಆರಿಸಲ್ಲ.

ಮೂರನೆಯದನ್ನು ಟರ್ಫ್ ಮಾರುವವರು ಹೇಳೋದಿಲ್ಲ. ಟರ್ಫೇ ಬೇಡ. ಕಾಂಕ್ರೀಟ್ ಅರ್ಧವನ್ನು ರಿಪೇರಿ ಮಾಡಿಸಿ ಅಕ್ರಿಲಿಕ್ ಬಣ್ಣ ಬಳಿಸಿ, ಮಣ್ಣಿನ ಅರ್ಧಕ್ಕೆ ಒಳ್ಳೆಯ ಮಣ್ಣು ಬೆರೆಸಿ, ನೀರು ಹೋಗೋಕೆ ದಾರಿ ಮಾಡಿ ನಿಜವಾದ ಹುಲ್ಲು ಬೆಳೆಸಿ. ಕಾಂಕ್ರೀಟ್ ಯೋಗ್ಯವಾಗಿದೆಯಾ ಅಂತ ತಿಳಿಯೋಕೆ ಬಿಸಿಲಿರುವ ದಿನ ಪೂರ್ತಿ ನೀರು ಹಾಯಿಸಿ, ಒಂದು ಗಂಟೆ ಬಿಟ್ಟು ನೋಡಿ. ಎಲ್ಲಾದರೂ 2 ಮಿ.ಮೀ.ಗಿಂತ ಆಳವಾಗಿ ನೀರು ನಿಂತಿದ್ದರೆ ಆ ಜಾಗ ತುಂಬಿಸಬೇಕು. 9 ಮೀಟರ್ ಉದ್ದ, 9 ಮೀಟರ್ ಅಗಲದಲ್ಲಿ ಪೂರ್ತಿ ಕೋರ್ಟ್ ಬರಲ್ಲ, ಮಗಳು ಗೋಡೆಗೆ ಹೊಡೆದು ಅಭ್ಯಾಸ ಮಾಡಬಹುದು ಅಷ್ಟೇ. ಖರ್ಚು ಮಾತ್ರ ತುಂಬಾ ಕಡಿಮೆ.

ನನ್ನನ್ನು ಕೇಳಿದರೆ ಮೊದಲನೆಯ ದಾರಿ, ಆದರೆ ಚಿಕ್ಕದಾಗಿ. 162 ಚದರ ಮೀಟರನ್ನೂ ಮುಚ್ಚಬೇಡಿ. 14 ಮೀಟರ್ ಉದ್ದ, 7.5 ಮೀಟರ್ ಅಗಲ ಸಾಕು. ಮರದ ಕೊಂಬೆ ಎಲ್ಲಿವರೆಗೆ ಹರಡಿದೆಯೋ ಅಲ್ಲಿವರೆಗಿನ ನೆಲವನ್ನು ಮುಟ್ಟಲೇಬೇಡಿ. ಬೇರಿಗೆ ಗಾಳಿ ಬೇಕು. ಅದರ ಮೇಲೆ 15 ಸೆಂ.ಮೀ. ಜಲ್ಲಿ ದಮ್ಮಸ್ ಮಾಡಿದರೆ ಮರ ಕೆಲವೇ ವರ್ಷಗಳಲ್ಲಿ ಒಣಗೋಕೆ ಶುರುವಾಗಬಹುದು. ಮರ ಗೆದ್ದರೆ ಬೇರು ನಿಮ್ಮ ಕೋರ್ಟನ್ನು ಎತ್ತುತ್ತೆ. ಎರಡೂ ನಷ್ಟವೇ. ಉಳಿದ ಜಾಗದಲ್ಲಿ ನಿಜವಾದ ಹುಲ್ಲು ಬೆಳೆಯೋಕೆ ಬಿಡಿ, ಅಪ್ಪನಿಗೆ ನಡೆಯೋಕೆ ಆಗುತ್ತೆ.

ಅಪ್ಪನ ವಿಷಯ ಬಂದಿದ್ದಕ್ಕೆ ಬಿಸಿಯ ಮಾತು. ಕೃತಕ ಹುಲ್ಲು ಪ್ಲಾಸ್ಟಿಕ್ಕು, ನಿಜವಾದ ಹುಲ್ಲಿನ ಹಾಗೆ ನೀರಾವಿ ಬಿಟ್ಟು ತಂಪಾಗೋಕೆ ಅದಕ್ಕೆ ಬರಲ್ಲ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2002ರಲ್ಲಿ ತಮ್ಮ ಮೈದಾನದಲ್ಲಿ ಅಳೆದಾಗ, ಗಾಳಿ 37 ಡಿಗ್ರಿ ಸೆಲ್ಸಿಯಸ್ ಇದ್ದ ದಿನ ಟರ್ಫಿನ ಮೇಲ್ಮೈ 93 ಡಿಗ್ರಿ ಮುಟ್ಟಿತ್ತು. ಅದು ಕಪ್ಪು ರಬ್ಬರ್ ತುಂಬಿದ ಮೈದಾನ, ಮರಳು ಟರ್ಫ್ ಅಷ್ಟು ಕಾಯದೇ ಇರಬಹುದು. ಆದರೂ ಸುಡು ಬಿಸಿಲಿನ ಮಧ್ಯಾಹ್ನ ಬರಿಗಾಲಿಡುವ ಮಾತೇ ಇಲ್ಲ. ನೀರು ಹಾಕಿದರೆ ತಂಪಾಗುತ್ತಲ್ಲ ಅಂತೀರಾ? ಆಗುತ್ತೆ, ಅರ್ಧ ಗಂಟೆಯೊಳಗೆ ಮತ್ತೆ ಕಾಯೋಕೆ ಶುರು. ಬೆಳಿಗ್ಗೆ ಸಂಜೆ ಆಡಿ, ಮಧ್ಯಾಹ್ನ ಬಿಡಿ. ಇಲ್ಲದಿದ್ದರೆ ನೆರಳು ಮಾಡಿ, ಬೇರೆ ಉಪಾಯ ಇಲ್ಲ. ತಂಪಾಗಿರುವ ಹುಲ್ಲು ಅಂತ ಮಾರುವುದನ್ನು ನಾನು ಮುಟ್ಟಿ ನೋಡಿದ್ದೇನೆ. ಸ್ವಲ್ಪ ವ್ಯತ್ಯಾಸ ಇದೆ, ಪವಾಡ ಏನಿಲ್ಲ.

ಇನ್ನು ನಿಮ್ಮ ಕಿಟಕಿ. ಚೆಂಡಿನಿಂದ ಗಾಜು ಒಡೆಯುತ್ತೆ ಅಂತ ನಿಮಗೆ ಭಯ, ನನಗೆ ಗಾಜಿನಿಂದ ಹುಲ್ಲು ಹಾಳಾಗುತ್ತೆ ಅಂತ ಭಯ. ತಮಾಷೆ ಅಲ್ಲ. ಈಗಿನ ಡಬಲ್ ಗಾಜುಗಳಿಗೆ ಶಾಖ ತಡೆಯುವ ಲೋ-ಇ ಅನ್ನೋ ಲೇಪ ಇರುತ್ತೆ. ಎರಡು ಗಾಜಿನ ನಡುವಿನ ಒತ್ತಡ ಬದಲಾದಾಗ ಗಾಜು ಕೂದಲೆಳೆಯಷ್ಟು ಒಳಕ್ಕೆ ಬಾಗಿ ನಿಮ್ನ ಕನ್ನಡಿಯ ಹಾಗೆ ಬಿಸಿಲನ್ನು ಒಂದೆಡೆ ಕೂಡಿಸುತ್ತೆ. ಆ ಬೆಳಕು ಬಿದ್ದ ಕಡೆ ಹುಲ್ಲಿನ ಎಳೆ ಸುರುಟಿ ಕರಗಿಹೋಗುತ್ತೆ. ಸೂರ್ಯನ ಜೊತೆ ಬೆಳಕೂ ಸರಿಯುವುದರಿಂದ ಕರಗಿದ ಗುರುತು ಪಟ್ಟಿಯಂತೆ ಉದ್ದಕ್ಕೆ ಕಾಣುತ್ತೆ. ಇದನ್ನು ಗ್ಯಾರಂಟಿಯಲ್ಲಿ ಸಾಮಾನ್ಯವಾಗಿ ಸೇರಿಸುವುದಿಲ್ಲ, ಓದಿ ನೋಡಿ. ಒಳಗೆ ಪರದೆ ಎಳೆದರೆ ಉಪಯೋಗವಿಲ್ಲ, ಬೆಳಕು ವಾಪಸ್ ಬರುವುದು ಗಾಜಿನಿಂದಲೇ ಅಲ್ವಾ. ಗಾಜಿನ ಹೊರಗಡೆ ಜಾಲರಿ ಹಾಕಿಸಬೇಕು. ಅದಕ್ಕೊಂದು ಒಳ್ಳೇದು ಕೇಳಿ, ಕಿಟಕಿಯಿಂದ ಸ್ವಲ್ಪ ಮುಂದಕ್ಕೆ ಒತ್ತು ಬಲೆ ಬಿಗಿಯಾಗಿ ಕಟ್ಟಿಸಿದರೆ ಚೆಂಡಿನ ಭಯಕ್ಕೂ ಅದೇ ಆಗುತ್ತೆ. ಹುಲ್ಲು ಕೊಳ್ಳುವ ಮೊದಲು ಕೆಲವು ದಿನ ಬೇರೆಬೇರೆ ಹೊತ್ತಿನಲ್ಲಿ ಕಿಟಕಿಯ ಬೆಳಕು ನೆಲದ ಮೇಲೆ ಎಲ್ಲಿ ಬೀಳುತ್ತೆ ಅಂತ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಪಕ್ಕದ ಮನೆಯವರ ಕ್ಯಾನ್ಸರ್ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ, ಆದರೆ ಅವರು ಹೇಳುವಷ್ಟು ನೇರವೂ ಅಲ್ಲ. ಫುಟ್‌ಬಾಲ್ ಟರ್ಫಿನ ಕಪ್ಪು ಪುಡಿ ಹಳೆಯ ಟೈರು ಅರೆದು ಮಾಡಿದ್ದು. ಅದರಲ್ಲಿ ಪಿಎಎಚ್ ಅನ್ನೋ ರಾಸಾಯನಿಕಗಳು ಇರುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವೇ. ಯುರೋಪಿಯನ್ ಒಕ್ಕೂಟ 2022ರ ಆಗಸ್ಟ್‌ನಿಂದ ಈ ಪುಡಿಯಲ್ಲಿ ಅಂಥ ಎಂಟು ಪಿಎಎಚ್‌ಗಳು ಒಟ್ಟು ಸೇರಿ ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಹಾಕಿದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2024ರಲ್ಲಿ ಮುಗಿಸಿದ ಅಧ್ಯಯನದಲ್ಲಿ, ರಾಸಾಯನಿಕ ಪುಡಿಯಲ್ಲಿ ಇದ್ದರೂ ಆಡುವವರ ಮೈಗೆ ಸೇರುವ ಪ್ರಮಾಣ ಸೀಮಿತ ಅಂತ ಕಂಡುಬಂತು. ಯುರೋಪಿನವರು 2023ರಲ್ಲಿ ಇನ್ನೊಂದು ನಿಯಮ ತಂದರು: 2031ರಿಂದ ಇಂಥ ಪ್ಲಾಸ್ಟಿಕ್, ರಬ್ಬರ್ ಪುಡಿಯ ಮಾರಾಟವೇ ಬಂದ್. ಅದಕ್ಕೆ ಕಾರಣ ಕ್ಯಾನ್ಸರ್ ಅಲ್ಲ. ಪುಡಿ ಮೈದಾನದಿಂದ ಹೊರಗೆ ಹೋಗಿ ಮಣ್ಣು, ನೀರಿಗೆ ಸೇರುತ್ತೆ ಅನ್ನೋದು. ಇಷ್ಟೆಲ್ಲ ಹೇಳಿದೆ, ಆದರೆ ನಿಮ್ಮ ಕೋರ್ಟಿಗೆ ಈ ವಾದವೇ ಬೇಡ. ಗಿಡ್ಡ ಟರ್ಫಿಗೆ ರಬ್ಬರ್ ಬೇಕಾಗಿಯೇ ಇಲ್ಲ, ಮರಳು ಸಾಕು. ಚದರ ಮೀಟರಿಗೆ 15ರಿಂದ 25 ಕಿಲೋ ಹಿಡಿಯುತ್ತೆ, ನಾನು ಹೇಳಿದ ಅಳತೆಗೆ ಎರಡು ಟನ್ ಆಸುಪಾಸು. ತೊಳೆದ, ದುಂಡು ಕಣದ ಸಿಲಿಕಾ ಮರಳೇ ಆಗಬೇಕು. ಕಟ್ಟಡದ ಮರಳು ಸುರಿದರೆ ಅದರ ಧೂಳು ತಳದ ತೂತು ಮುಚ್ಚಿಬಿಡುತ್ತೆ. ಸುರಿಯುವ ದಿನ ಕೆಲಸದವರಿಗೆ ಮಾಸ್ಕ್ ಕೊಡಿ, ಮಕ್ಕಳನ್ನು ದೂರ ಇಡಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹುಲ್ಲಿನ ಎಳೆಯಲ್ಲಿ ಸೀಸ ಇಲ್ಲ, ಪಿಎಫ್ಎಎಸ್ ಅನ್ನೋ ಬೇಗ ನಾಶವಾಗದ ರಾಸಾಯನಿಕಗಳೂ ಇಲ್ಲ ಅಂತ ಲ್ಯಾಬ್ ವರದಿ ಕೇಳಿ. ಯಾವುದೋ ಮೈದಾನದಿಂದ ಕಿತ್ತ ಹಳೆಯ ಟರ್ಫ್ ಅಗ್ಗಕ್ಕೆ ಸಿಗುತ್ತೆ ಅಂದರೆ ಬೇಡ ಅನ್ನಿ. ಹಳೆಯ ಕೆಲವು ಹುಲ್ಲುಗಳ ಬಣ್ಣದಲ್ಲಿ ಸೀಸ ಇತ್ತು.

"ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ" ಅನ್ನೋದು ಸುಳ್ಳು. ಚೆನ್ನಾಗಿ ಹಾಕಿದ ಟರ್ಫ್ ಮನೆಯ ಬಳಕೆಗೆ ಎಂಟು-ಹತ್ತು ವರ್ಷ ಬರುತ್ತೆ, ನೋಡಿಕೊಂಡರೆ. ನಿಮ್ಮ ಮರದ ಎಲೆ ಪ್ರತಿವಾರ ಗುಡಿಸಬೇಕು, ಇಲ್ಲದಿದ್ದರೆ ಕೊಳೆತು ಮರಳಿನೊಳಗೆ ಸೇರುತ್ತೆ, ನೆರಳಿನ ಕಡೆ ಪಾಚಿ ಹಿಡಿದು ಜಾರುತ್ತೆ. ತಿಂಗಳಿಗೊಮ್ಮೆಯಾದರೂ ಗಟ್ಟಿ ನೈಲಾನ್ ಬ್ರಷ್‌ನಿಂದ ಎಳೆ ಮಲಗಿದ ದಿಕ್ಕಿಗೆ ಎದುರಾಗಿ ಎಬ್ಬಿಸಬೇಕು. ಮರಳು ಕಡಿಮೆಯಾದ ಕಡೆ ತುಂಬಬೇಕು. ಅಂಚಿನಲ್ಲಿ ಕಳೆ ಬಂದೇ ಬರುತ್ತೆ.

ಗುತ್ತಿಗೆದಾರರ ಜೊತೆ ಮಾತಾಡುವಾಗ ಹುಲ್ಲಿನ ಸ್ಯಾಂಪಲ್ ಕಡೆ ಗಮನ ಕೊಡಬೇಡಿ, ತಳಕ್ಕೆ ಬೇರೆ ದರ, ಹುಲ್ಲಿಗೆ ಬೇರೆ ದರ ಬರೆದುಕೊಡಿ ಅನ್ನಿ. ತಳ ಕುಸಿದರೆ ಯಾರು ಸರಿಮಾಡ್ತಾರೆ, ಎಷ್ಟು ವರ್ಷ, ಅದೂ ಬರಹದಲ್ಲಿ ಇರಲಿ. ಹುಲ್ಲಿನ ಗ್ಯಾರಂಟಿ ಕಂಪನಿಯದು, ಹಾಸಿದ ಕೆಲಸದ ಗ್ಯಾರಂಟಿ ಇವರದು, ಎರಡೂ ಬೇರೆಬೇರೆ. ಅವರು ಒಂದೆರಡು ಮಳೆಗಾಲ ಕಳೆದ ಕೋರ್ಟ್ ಒಂದನ್ನು ತೋರಿಸಲಿ, ಹೊಸದು ಬೇಡ. ರೋಲುಗಳ ಎಳೆ ಎಲ್ಲಾ ಒಂದೇ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಎರಡು ಬಣ್ಣದಂತೆ ಕಾಣುತ್ತೆ. ಬಿಳಿ ಗೆರೆಯನ್ನು ಹುಲ್ಲು ಕತ್ತರಿಸಿ ಬಿಳಿ ಹುಲ್ಲು ಕೂರಿಸಿ ಮಾಡಬಹುದು, ಬಣ್ಣವನ್ನೂ ಬಳಿಯಬಹುದು. ನಿಮ್ಮ ಮಗಳು ಎರಡು ಮೂರು ವರ್ಷದಲ್ಲಿ ಕೆಂಪು ಚೆಂಡು ಬಿಟ್ಟು ದೊಡ್ಡ ಕೋರ್ಟಿಗೆ ಹೋಗ್ತಾಳೆ, ಆದ್ದರಿಂದ ಟೆನಿಸ್ ಗೆರೆಗೆ ಬಣ್ಣವೇ ಸಾಕು, ಮಾಸಿಹೋದರೆ ಹೋಗಲಿ. ನೆಟ್ ಕಂಬಕ್ಕೆ ಮಾತ್ರ ಜಲ್ಲಿ ಹಾಕುವ ಮೊದಲೇ ಕಾಂಕ್ರೀಟಿನಲ್ಲಿ ಕಂಬ ಕೂರುವ ಪೈಪ್ ತುಂಡು ಹೂಳಿಸಿ, ಕಂಬ ತೆಗೆದು ಹಾಕುವಂತಿರಲಿ, ತೆಗೆದಾಗ ತೂತಿಗೆ ಮುಚ್ಚಳ ಇರಲಿ. ಹುಲ್ಲು ಹಾಸಿದ ಮೇಲೆ ನೆನಪಾಗಿ ಅಗೆಯೋಕೆ ಹೋದರೆ ಅಷ್ಟು ಕಷ್ಟಪಟ್ಟು ದಮ್ಮಸ್ ಮಾಡಿದ ತಳ ಅಲ್ಲೇ ಸಡಿಲ ಆಗುತ್ತೆ.